ಮಣಿಕಟ್ಟಿನ ಪ್ಲೇಟು, ಆಸ್ಮಾ ಅವರ ಅನುಮಾನ

ಬೆಳಕು ಹರಿಯುವ ಹೊತ್ತಿಗೆ ಆಲೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಸ್ಮಾ ಸುಟ್ಟ ಪಂಪ್ ಮೋಟರೊಂದನ್ನು ಬಿಚ್ಚುತ್ತಿದ್ದಾರೆ. ಕಾಫಿ ಹೂವಿಗೆ ನೀರು ಹಾಯಿಸುವ ಕಾಲ. ಹೆತ್ತೂರಿನ ಎಸ್ಟೇಟಿನವರಿಗೆ ಇದು ಮಧ್ಯಾಹ್ನದೊಳಗೆ ಬೇಕು. ಕಪ್ಪಾದ ತಾಮ್ರದ ತಂತಿ ಮೂಸಿ ಮುಖ ಸಿಂಡರಿಸುತ್ತಾರೆ, ಬೇರಿಂಗ್ ಕಳಚಿ ತೋರಿಸುತ್ತಾರೆ. "ಹಿಂದೆ ರಿಪೇರಿ ಮಾಡ್ದೋನು ಹೊಸ ಬೇರಿಂಗ್ ಹಾಕೀನಿ ಅಂದಿದ್ನಂತೆ. ನೋಡಿ, ಹಳೇದೇ ಐತೆ."

ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಈ ಕೆಲಸವನ್ನು ಅವರು ಕಲಿತದ್ದು ತಂದೆಯಿಂದ. ಗಂಡ ಸೊಹೇಲ್ ಲಾರಿ ಚಾಲಕ. ಅಂಗಡಿ ಆಸ್ಮಾ ಅವರದೇ. ದಿನಕ್ಕೆ ಎರಡು ಮೋಟರ್, ಈ ಕಾಲದಲ್ಲಿ ಮೂರು. ತಂತಿ ಸುತ್ತುವುದು, ಬಿಗಿಯುವುದು ಎಲ್ಲ ಬಲಗೈಯಲ್ಲಿ. ಕಳೆದ ಮಳೆಗಾಲದಲ್ಲಿ ಆಟೊಗೆ ಮೋಟರ್ ಏರಿಸುವಾಗ ಜಾರಿ, ಅಂಗೈ ಊರಿ ಬಿದ್ದು, ಅದೇ ಕೈಯ ಮಣಿಕಟ್ಟು ಮುರಿಯಿತು.

ಹಾಸನದ ಡಾಕ್ಟರ್ ಚೈತ್ರಶ್ರೀ ಎಕ್ಸ್-ರೇ ತೋರಿಸಿದರು. ಮುರಿತ ಕೀಲಿನೊಳಗೇ ಹೋಗಿದೆ, ಮೂಳೆಯ ಚೂರುಗಳು ಏರುಪೇರಾಗಿವೆ, ಬರೀ ಪ್ಲಾಸ್ಟರ್ ಸಾಲದು ಎಂದರು. ಚರ್ಮದ ಮೇಲಿಂದಲೇ ಸಣ್ಣ ತಂತಿಗಳನ್ನು ತೂರಿಸಿ ಚೂರುಗಳನ್ನು ಹಿಡಿಸಬಹುದು. ಕೈಯ ಹೊರಗೆ ರಾಡು ಕಟ್ಟಿ ಮೂಳೆಯನ್ನು ಎಳೆದು ನಿಲ್ಲಿಸಬಹುದು. ಇಲ್ಲವೇ ಕೊಯ್ದು ಪ್ಲೇಟು, ಸ್ಕ್ರೂ ಕೂರಿಸಬಹುದು. ಈ ಮುರಿತಕ್ಕೆ ಪ್ಲೇಟೇ ವಾಸಿ ಎಂಬುದು ಅವರ ಮಾತು.

ಆಸ್ಮಾ ನಂಬಲಿಲ್ಲ. "ದುಬಾರಿದೇ ವಾಸಿ ಅಂತ ನಾವೂ ಗಿರಾಕಿಗೆ ಹೇಳಲ್ವಾ?" ಇನ್ನೊಬ್ಬ ಡಾಕ್ಟರಿಗೆ ತೋರಿಸಿದರು. ಅವರೂ ಅದನ್ನೇ ಹೇಳಿದಾಗ ಅನುಮಾನ ಹೆಚ್ಚಾಯಿತು. "ಇಬ್ರೂ ಮಾತಾಡ್ಕಂಡವ್ರೆ ಅನ್ನಿಸ್ತು." ಅತ್ತೆ ರೋಷನ್ ಬೀ ನಾಟಿ ಕಟ್ಟು ಹಾಕಿಸು ಎಂದರು. ಆಸ್ಮಾಗೆ ಅದರಲ್ಲೂ ನಂಬಿಕೆ ಇಲ್ಲ. ಊದಿದ ಕೈ ಹಿಡಿದುಕೊಂಡು ಮತ್ತೆ ಚೈತ್ರಶ್ರೀ ಎದುರು ಕೂತು ನೇರವಾಗಿ ಕೇಳಿದರು:

"ಕೈ ಮೊದಲಿನಂಗೇ ಆಯ್ತದಾ ಮೇಡಂ?"

"ಹಾಗಂತ ಮಾತು ಕೊಡಕ್ಕಾಗಲ್ಲಮ್ಮ. ಕೆಲಸಕ್ಕೆ ಬರುತ್ತೆ. ಸ್ವಲ್ಪ ಬಿಗಿ ಉಳೀಬಹುದು. ನೀವು ವ್ಯಾಯಾಮ ಬಿಟ್ಟರೆ ಪ್ಲೇಟು ಹಾಕಿಯೂ ದಂಡ."

"ಮೊದಲಿನಂಗೇ ಮಾಡ್ಕೊಡ್ತೀನಿ ಅಂದಿದ್ರೆ ಎದ್ದು ಬಂದ್ಬುಡ್ತಿದ್ದೆ ಕಣ್ರೀ," ಎನ್ನುತ್ತಾರೆ ಆಸ್ಮಾ. ಆ ನೇರ ಮಾತಿಗೇ ಪ್ಲೇಟಿಗೆ ಒಪ್ಪಿದರು. ಆಪರೇಷನ್ ಮುಗಿದ ಮೇಲೂ ಹೊಸ ಎಕ್ಸ್-ರೇ ತರಿಸಿ ನೋಡಿದರು. "ಪ್ಲೇಟು ಕಂಡ್ಮೇಲೇ ನೀರು ಕುಡ್ದಿದ್ದು." ಬೆರಳು, ಮಣಿಕಟ್ಟು ಮಡಿಸುವ ವ್ಯಾಯಾಮದಲ್ಲಿ ಎಷ್ಟೋ ಸಲ ಅತ್ತಿದ್ದಾರೆ. ಈಗಲೂ ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗುವುದಿಲ್ಲ, ಥಂಡಿಗೆ ನೋಯುತ್ತದೆ.

ಮಧ್ಯಾಹ್ನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಂಡ್ರ್ಯೂ ಮೋಟರ್ ಒಯ್ಯಲು ಬರುತ್ತಾರೆ. ಮಣಿಕಟ್ಟಿನ ಹೊಲಿಗೆ ಗುರುತು ನೋಡಿ ಅನುಮಾನಿಸುತ್ತಾರೆ. "ಈ ಕೈಲಿ ಬಿಗಿಯಾಗಿ ಸುತ್ತಿದ್ದೀರಾ ಆಸ್ಮಕ್ಕ?"

ಆಸ್ಮಾ ಬೇಜಾರಾಗುವುದಿಲ್ಲ. ವೈರ್ ಜೋಡಿಸಿ ಸ್ವಿಚ್ ಒತ್ತುತ್ತಾರೆ. ಮೋಟರ್ ನಯವಾಗಿ ತಿರುಗುತ್ತದೆ.

"ಕೈ ನೋಡ್ಬ್ಯಾಡಿ ಸಾರ್. ಸದ್ದು ಕೇಳಿ."