ಇಬ್ಬರಿಗೊಂದು ಖೋಲಿ

ನಾನು ಕಾಕಾ ಎಂದು ಕರೆಯುತ್ತಿದ್ದ ಮುದುಕರ ಧೋತರದ ಚುಂಗು ಯಾವಾಗಲೂ ಹೆಂಡತಿಯ ಸೆರಗಿಗೆ ಗಂಟು ಬಿದ್ದಿರುತ್ತಿತ್ತು. ಮರೆವಿನ ಕಾಯಿಲೆಯ ಕಾಕೂ ಎದ್ದು ಎಲ್ಲಿಗಾದರೂ ನಡೆದುಬಿಟ್ಟಾರೆಂಬ ಭಯ ಅವರಿಗೆ. ಸ್ವಾರಗೇಟ ಬಸ್ ನಿಲ್ದಾಣದ ಹತ್ತಿರ, ಮೇಲ್ಸೇತುವೆಯ ಕೆಳಗೆ ಇಬ್ಬರೂ ಇರುತ್ತಿದ್ದರು.

ಆಗ ನಾನು ಪುಣೆಯ ಬೀದಿವಾಸಿಗಳ ನಡುವೆ ಸಂಶೋಧನೆ ಮಾಡುತ್ತಿದ್ದೆ. ಆಶ್ರಯಕೇಂದ್ರಗಳಲ್ಲಿ ಹಾಸಿಗೆ ಖಾಲಿ ಇದ್ದರೂ ಜನ ಯಾಕೆ ಹೊರಗೆ ಮಲಗುತ್ತಾರೆ, ಅಲ್ಲಿ ಏನು ಬದಲಾಗಬೇಕು ಎಂದು ಅವರಿಂದಲೇ ಕೇಳಿ ತಿಳಿಯುವ ಕೆಲಸ. ಕನ್ನಡದ ಧಾಟಿಯ ನನ್ನ ಮರಾಠಿ ಕೇಳಿಯೇ ಕಾಕಾ, "ನಮ್ಮ ಕಡೆಯವರೇನ್ರೀ ಯವ್ವಾ?" ಎಂದಿದ್ದರು. ಅವರು ಯಾದಗಿರಿ ಕಡೆಯ ಗೌಂಡಿ, ಗಾರೆ ಕೆಲಸದವರು. ಪಿಂಪ್ರಿ-ಚಿಂಚವಾಡದ ಎಷ್ಟೋ ಕಟ್ಟಡಗಳ ಗೋಡೆಗೆ ಸಿಮೆಂಟು ಬಳಿದು ಗಿಲಾಯಿ ಮಾಡಿದವರು. ಕೈ ನಡುಗತೊಡಗಿದ ಮೇಲೆ ಕೆಲಸ ಹೋಯಿತು, ಹಿಂದೆಯೇ ಬಾಡಿಗೆಯ ಖೋಲಿಯೂ ಹೋಯಿತು. ಮಕ್ಕಳಿರಲಿಲ್ಲ. ಚಹಾ ತರಿಸಿದರೆ ಕಪ್ಪಿನಡಿಯ ಬಸಿಗೆ ಸುರಿದು, ಊದಿ ಆರಿಸಿ, ಮೊದಲು ಕಾಕೂಗೆ ಕುಡಿಸುತ್ತಿದ್ದರು.

ಒಮ್ಮೆ ಆಶ್ರಯಕೇಂದ್ರಕ್ಕೆ ಹೋಗಿದ್ದರಂತೆ. ಗಂಡಸರಿಗೊಂದು ಕಟ್ಟಡ, ಹೆಂಗಸರಿಗೆ ಬೇರೆ ಕಡೆ ಇನ್ನೊಂದು. ಬೆಳಗಾದಾಗ ಕಾಕೂ ಅಲ್ಲಿರಲಿಲ್ಲ. ಹುಡುಕಿ ಹುಡುಕಿ, ಕೊನೆಗೆ ದೂರದ ಭೋಸರಿಯಲ್ಲಿ ಒಂದು ಕಾರ್ಖಾನೆಯ ಗೇಟಿನೆದುರು ಸಿಕ್ಕರು. ಪಾದದ ತುಂಬ ಗುಳ್ಳೆ. ಆಮೇಲೆ ಕಾಕಾ ಆಶ್ರಯಕೇಂದ್ರದ ಕಡೆ ತಲೆ ಹಾಕಿರಲಿಲ್ಲ.

ಅಧಿಕಾರಿಗಳ ಜೊತೆ ನಮ್ಮ ಸಂಶೋಧನಾ ತಂಡ ನಡೆಸಿದ ಸಭೆಗೆ ಕಾಕಾರನ್ನು ಒಪ್ಪಿಸಿ ಇಬ್ಬರನ್ನೂ ಕರೆತಂದೆ. ಗಂಡಹೆಂಡಿರನ್ನು ಒಟ್ಟಿಗೆ ಇಡುವುದಕ್ಕೆ ನಿಯಮವಿಲ್ಲ ಎಂದರು ಒಬ್ಬ ಅಧಿಕಾರಿ. ಕಾಕಾ ಎದ್ದು ನಿಂತು ಕನ್ನಡದಲ್ಲೇ ಹೇಳಿದರು: "ಸಾಹೇಬ್ರ, ಇಕಿಗೆ ನನ್ನ ಹೆಸರ ನೆನಪಿಲ್ರಿ. ಆದ್ರ ನಾ ಕಾಣಲಿಲ್ಲಂದ್ರ ಭಾಳ ಅಂಜತಾಳ."

ಅದನ್ನು ನಾನು ಅಧಿಕಾರಿಗಳಿಗೆ ಮರಾಠಿಯಲ್ಲಿ ಹೇಳಿದೆ.

ಅಧಿಕಾರಿಗಳು ಒಪ್ಪಿದರೂ, ಆಶ್ರಯಕೇಂದ್ರದಲ್ಲಿ ಸಾಮಾನು ತುಂಬಿದ್ದ ಒಂದು ಖೋಲಿಯನ್ನು ತೆರವು ಮಾಡಿ ದಂಪತಿಗಳಿಗೆಂದು ಕೊಡಲು ತಿಂಗಳುಗಟ್ಟಲೆ ಹಿಡಿಯಿತು. ಅಲ್ಲಿ ಕಾಕೂ ಬದುಕಿದ್ದು ಒಂದು ಚಳಿಗಾಲ ಮಾತ್ರ. ಮಣ್ಣು ಮಾಡಿ ಬಂದ ಕಾಕಾ ತಮ್ಮ ಬಟ್ಟೆಬರೆ ಕೂಡಿಸಿಕೊಂಡರು. ಹೋಗಬೇಡಿ ಎಂದು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ.

"ಜೋಡಿಗಂತ ಕೇಳಿ ಇಸಗೊಂಡೀವಿ, ಯವ್ವಾ. ಇನ್ನ ನಾ ಒಬ್ಬಾಂವ."

ಗಂಡಸರ ಕಟ್ಟಡಕ್ಕೂ ಹೋಗದೆ ಸೇತುವೆಯ ಕೆಳಗೇ ಮರಳಿದರು. ಬೇಸಿಗೆ ಮುಗಿಯುವ ಮೊದಲೇ ಸರಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ನನಗೆ ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಖೋಲಿಯಲ್ಲಿ ಈಗ ಇನ್ನೊಂದು ಜೋಡಿ ಇದೆ. ಬೀದಿಯಲ್ಲಿ ಹೊಸಬರು ಸಿಕ್ಕರೆ ನಾನು ಮೊದಲು ಕೇಳುವುದು, ನಿಮ್ಮ ಜೊತೆ ಯಾರಿದ್ದಾರೆ ಎಂದು. ಹಾಗೆ ಕೇಳಲು ಕಲಿಸಿದವರು ಕಾಕಾ. ಹೆಚ್ಚಿನವರು ಯಾರೂ ಇಲ್ಲ ಎನ್ನುತ್ತಾರೆ. ಆಮೇಲೆ ಏನು ಕೇಳಬೇಕೆಂದು ನನಗಿನ್ನೂ ತಿಳಿದಿಲ್ಲ.