ಇತ್ತಲಾರಿನ ಹಿತ್ತಲಲ್ಲಿ ಕಾಶ್ಮೀರದ ಹಕ್ಕಿ

ಕಳೆದ ಭಾನುವಾರ ನನ್ನ ಗೆಳೆಯ ಸದಾಶಿವಯ್ಯನಿಗೆ ಆಶೀರ್ವಾದವಾಯಿತು. ಅವನು ಕೇಳಿರಲಿಲ್ಲ.

ಕೇಳದೆ ಸಿಗುವ ವಸ್ತುಗಳು ನಮ್ಮ ದೇಶದಲ್ಲಿ ಎರಡೇ. ಒಂದು ಸಲಹೆ, ಇನ್ನೊಂದು ಆಶೀರ್ವಾದ. ಸಲಹೆಯಾದರೆ ನಡುವೆ ಎದ್ದು ಹೋಗಬಹುದು. ಆಶೀರ್ವಾದದ ನಡುವೆ ಏಳುವ ಹಾಗಿಲ್ಲ. ಅದರಲ್ಲೂ ತಲೆಯ ಮೇಲಿರುವುದು ನಮ್ಮ ನೀಲಗಿರಿಯ ಬಡಗರ ಅಜ್ಜಿಯೊಬ್ಬರ ಕೈಯಾಗಿದ್ದರೆ ಸುತರಾಂ ಇಲ್ಲ. ಹಿರಿಯರು ಎದುರಾದರೆ ಕಿರಿಯರು ತಲೆ ಬಗ್ಗಿಸಬೇಕು, ಹಿರಿಯರು ಅದರ ಮೇಲೆ ಕೈಯಿಟ್ಟು ಹರಸಬೇಕು, ಆ ಕೈ ತಾನಾಗಿ ಏಳುವವರೆಗೆ ಬಗ್ಗಿದ ತಲೆ ಬಗ್ಗಿಯೇ ಇರಬೇಕು. ಇದು ನಮ್ಮ ಬೆಟ್ಟದ ಕಾನೂನು. ಇದರ ವಿರುದ್ಧ ಅಪೀಲಿಲ್ಲ.

ಆ ಹೊತ್ತಿನಲ್ಲಿ ಸದಾಶಿವಯ್ಯನ ಮೂಗಿನ ನೇರಕ್ಕೆ, ಬರೀ ಕಣ್ಣಿಗೂ ಕಾಣುವಷ್ಟು ಹತ್ತಿರದಲ್ಲಿ, ಅವನು ಊರು ಬಿಟ್ಟು ನೋಡಲು ಬಂದಿದ್ದ ಹಕ್ಕಿ ಕುಳಿತಿತ್ತು.

(ತಾಳಿ. ಮೊದಲಿನಿಂದ ಹೇಳುತ್ತೇನೆ.)

ಸದಾಶಿವಯ್ಯ ಗೂಡಲೂರಿನವನು. ಗಣಿತದ ಮೇಷ್ಟರಾಗಿ ನಿವೃತ್ತನಾದವನು. ನನಗಿಂತ ಸ್ವಲ್ಪ ದೊಡ್ಡವನು, ಆದ್ದರಿಂದ ಅವನ ಹೆಂಡತಿ ವಿಮಲಾ ನನಗೆ ಅತ್ತಿಗೆ. ಅತ್ತಿಗೆಯೂ ಟೀಚರ್ ಆಗಿದ್ದವರೇ. ಗಂಡ ಹೆಂಡತಿ ಇಬ್ಬರಿಗೂ ಹಕ್ಕಿ ನೋಡುವ ಹುಚ್ಚು. ಮದುವೆಯಾದಾಗಿನಿಂದ ಪ್ರತಿ ಭಾನುವಾರ ಕೊರಳಿಗೊಂದೊಂದು ದುರ್ಬೀನು ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು ಹೊರಡುವುದು ಅವರ ಸಂಪ್ರದಾಯ. ಮಾತಿಲ್ಲ ಕತೆಯಿಲ್ಲ. ಒಬ್ಬರು ಮೊಣಕೈಯಿಂದ ತಿವಿದರೆ ಇನ್ನೊಬ್ಬರು ಅತ್ತ ನೋಡುವುದು. ಇಷ್ಟು ನಿಶ್ಶಬ್ದವಾದ ದಾಂಪತ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಪಕ್ಷಿಜ್ಞಾನದ ಬಗ್ಗೆ ಈ ಅಂಕಣದ ಓದುಗರಿಗೆ ಭ್ರಮೆಗಳಿರಲಾರವು. ಆದರೂ ಊಟಿಯಲ್ಲಿ ಇಷ್ಟು ಕಾಲ ಬಾಳಿದ ಮೇಲೆ ಕೆಲವು ಸಂಗತಿಗಳು ಚಳಿಯ ಹಾಗೆ ತಾವೇ ಒಳಗೆ ಇಳಿದಿರುತ್ತವೆ. ಚಳಿಗಾಲದಲ್ಲಿ ನಮ್ಮ ಜಿಲ್ಲೆಗೆ ಎರಡು ಬಗೆಯ ಅತಿಥಿಗಳು ಬರುತ್ತಾರೆ. ಮೊದಲನೆಯವರು ಬಸ್ಸಿನಲ್ಲಿ ಬಂದು, ಲೇಕಿನಲ್ಲಿ ಬೋಟಿಂಗ್ ಮಾಡಿ, ವರ್ಕಿ ಬಿಸ್ಕತ್ತು ಕಟ್ಟಿಸಿಕೊಂಡು, 'ಎಂಥಾ ಚಳಿ ಮಾರಾಯರೆ' ಎಂದು ಇಳಿದುಹೋಗುತ್ತಾರೆ. ಎರಡನೆಯವರು ಹಿಮಾಲಯದಿಂದ ಸ್ವಂತ ಖರ್ಚಿನಲ್ಲಿ ಹಾರಿಬಂದು, ಯಾರಿಗೂ ಹೇಳದೆ ಇದ್ದು, ಬೇಸಿಗೆಗೆ ಮುಂಚೆ ಹೊರಟುಬಿಡುತ್ತಾರೆ.

ಎಲ್ಲಿ ಸಿಗುತ್ತಾರೆ? ಇದನ್ನು ಕೇಳಿ ನನಗೆ ಕಾಗದ ಬರೆಯುವವರಿದ್ದಾರೆ. ಬರೆದುಕೊಳ್ಳಿ. ವುಡ್‌ಕಾಕ್ ಎಂಬ ಉದ್ದ ಕೊಕ್ಕಿನ ಹಕ್ಕಿ ಬೇಕಾದರೆ, ಮುಸ್ಸಂಜೆಗೆ ಶೋಲಾ ಕಾಡಿನ ಅಂಚಿನ ಕೆಸರಿಗೆ ಹೋಗಿ. ಅದು ಒಣಗಿದೆಲೆಗಳ ನಡುವೆ ಒಣಗಿದೆಲೆಯ ಹಾಗೆಯೇ ಕುಳಿತಿರುತ್ತದೆ. (ನೋಡಿದವರಿಗಿಂತ, ತುಳಿಯಲು ಹೋಗಿ ಬೆಚ್ಚಿಬಿದ್ದವರೇ ಹೆಚ್ಚು.) ನೀಲಿ ತಲೆಯ ಥ್ರಷ್ ಬೇಕಾದರೆ ನಡುವಟ್ಟಂನ ಇಳಿಜಾರಿನ ಮರಗಳ ಕೆಳಗೆ ತಾಳ್ಮೆಯಿಂದ ನಿಲ್ಲಿ. ಇನ್ನು ಕಾಶ್ಮೀರದ ನೊಣಹಿಡುಕ ಬೇಕಾದರೆ ಕಾಡಿಗೆ ಹೋಗುವುದೇ ಬೇಡ. ಟೀ ತೋಟದ ಅಂಚು, ಹಿತ್ತಲು, ಬೇಲಿ, ಗೊಬ್ಬರದ ಗುಂಡಿ, ಹೀಗೆ ನೊಣವಿರುವ ಕಡೆ ನೋಡಿ.

ಅಷ್ಟು ದೂರದಿಂದ, ಅಷ್ಟು ಚೆಂದದ ಬಣ್ಣ ಹೊತ್ತು ಬರುವ ಹಕ್ಕಿಗೆ ನೊಣಹಿಡುಕ ಎಂದು ಹೆಸರಿಟ್ಟವರು ಯಾರೋ. ಗುಬ್ಬಿಗಿಂತ ಸಣ್ಣದು. ಗಂಡಿನ ಕತ್ತು, ಎದೆ ಕಿತ್ತಳೆ ಕೆಂಪು. ಪ್ರಪಂಚದಲ್ಲೇ ಅಪರೂಪವಂತೆ. ತೊಂದರೆಯೇನೆಂದರೆ ಇದಕ್ಕೊಬ್ಬ ದಾಯಾದಿ ಇದ್ದಾನೆ, ಅಷ್ಟೇನೂ ಅಪರೂಪವಲ್ಲದವನು. ಅವನ ಕತ್ತೂ ಕೆಂಪೇ. ಇಬ್ಬರಿಗೂ ಇರುವ ವ್ಯತ್ಯಾಸ ಒಂದು ಕಪ್ಪು ಅಂಚು. ಕಾಶ್ಮೀರದವನ ಕೆಂಪಿಗೆ ಎರಡೂ ಬದಿಯಲ್ಲಿ ಸೀರೆಗಿದ್ದಂತೆ ಅಂಚಿರುತ್ತದೆ. ದಾಯಾದಿಗೆ ಇರುವುದಿಲ್ಲ.

ಈ ಅಂಚೇ ಒಂದು ಸಂಸಾರಕ್ಕೆ ಅಡ್ಡ ಬಂತು.

ಎರಡು ಚಳಿಗಾಲದ ಹಿಂದೆ ವಿಮಲತ್ತಿಗೆ ಬಡಗರ ಕುಲದೇವತೆ ಹೆತ್ತೆಯ ಹಬ್ಬಕ್ಕೆಂದು ಊಟಿಯ ಹತ್ತಿರದ ಇತ್ತಲಾರು ಎಂಬ ಹಳ್ಳಿಗೆ ಹೋಗಿದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಟೀಚರ್ ಒಬ್ಬರ ಅತ್ತೆಮನೆ ಅಲ್ಲಿದೆ. ಆ ಮನೆಯ ಹಿತ್ತಲಲ್ಲಿ, ಒಬ್ಬರೇ ಇದ್ದಾಗ, ಅತ್ತಿಗೆ ಕಾಶ್ಮೀರದ ನೊಣಹಿಡುಕವನ್ನು ಕಂಡರು. ಗೂಡಲೂರಿಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಗಂಡನಿಗೆ ಹೇಳಿದರು.

ಮೇಷ್ಟರು ಪಾಟೀಸವಾಲು ಶುರು ಮಾಡಿದರು. "ಕಪ್ಪು ಅಂಚು ಇತ್ತಾ?"

"ಇತ್ತು."

"ಎರಡೂ ಕಡೆ?"

"ಎರಡೂ ಕಡೆ."

"ಬೆಳಕು ಯಾವ ದಿಕ್ಕಿಂದ ಬೀಳ್ತಿತ್ತು? ನೆರಳನ್ನೇ ಅಂಚು ಅಂದ್ಕೊಂಡಿರ್ತೀಯ."

"ನೀವೇನು ಗಂಡನೋ, ಪೊಲೀಸೋ?"

ತೀರ್ಪು ಹೊರಬಿತ್ತು: ಅದು ದಾಯಾದಿ. ಇಷ್ಟಕ್ಕೆ ನಿಂತಿದ್ದರೆ ಮರುದಿನದ ಕಾಫಿಯೊಳಗೆ ಎಲ್ಲ ಕರಗಿಹೋಗುತ್ತಿತ್ತು. ಸದಾಶಿವಯ್ಯ ನಿಲ್ಲಿಸಲಿಲ್ಲ. ಮನೆಗೆ ಬಂದವರ ಮುಂದೆಲ್ಲ, "ನಮ್ಮವಳು ಇತ್ತಲಾರಲ್ಲಿ ಕಾಶ್ಮೀರ ಕಂಡು ಬಂದಿದ್ದಾಳೆ, ಕೇಳಿ" ಎನ್ನುವುದು, ಬಂದವರು ನಗುವುದು. ಅತ್ತಿಗೆಯೂ ನಕ್ಕು ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋಗುವರು. (ನಾನೂ ನಕ್ಕವರ ಪೈಕಿಯೇ.)

ಆಮೇಲೊಂದು ಭಾನುವಾರ ಅತ್ತಿಗೆ ಮೊಣಕಾಲು ನೋವೆಂದರು. ಮುಂದಿನ ಭಾನುವಾರವೂ ಅದೇ. ಅವರ ದುರ್ಬೀನು ಬೀರುವಿನ ಮೇಲೇರಿತು. ಜಗಳವಿಲ್ಲ, ಮುನಿಸಿಲ್ಲ, ಅಡುಗೆಯಲ್ಲಿ ಉಪ್ಪು ಕೂಡ ಹೆಚ್ಚು ಕಡಿಮೆಯಾಗಲಿಲ್ಲ. ಭಾನುವಾರ ಮಾತ್ರ ಅವರು ಬರುವುದಿಲ್ಲ.

ಈ ಸಲ ಸದಾಶಿವಯ್ಯ ಊಟಿಗೆ ಬಂದು ನಮ್ಮ ಮನೆಯ ಬಿಸಿಲಲ್ಲಿ ಕುಳಿತಾಗ ಇದನ್ನೆಲ್ಲ ಹೇಳಿದ. ಕೊನೆಯಲ್ಲಿ, "ಒಬ್ಬನೇ ಹೋಗ್ತೀನಿ ಕಣೋ. ಹಕ್ಕಿ ಕಾಣುತ್ತೆ. ಮೊಣಕೈ ತಾನಾಗಿ ಪಕ್ಕಕ್ಕೆ ಹೋಗುತ್ತೆ. ಅಲ್ಲಿ ಯಾರೂ ಇರಲ್ಲ" ಎಂದ.

ನಾನು ಪೇಪರು ಮಡಚಿಟ್ಟೆ.

"ಈ ಹಕ್ಕಿಗಳು ಹೋದ ವರ್ಷ ಇದ್ದ ಹಿತ್ತಲಿಗೇ ಮತ್ತೆ ಬರ್ತವಂತೆ" ಎಂದ ಸದಾಶಿವಯ್ಯ. "ನಾಳೆ ಇತ್ತಲಾರಿಗೆ ಹೋಗಿ ನೋಡಿಬಿಡೋಣ. ಅಂಚಿದ್ದರೆ ಅವಳು ಹೇಳಿದ್ದು ಸರಿ. ಹಾಗಂತ ಹೋಗಿ ಹೇಳ್ತೀನಿ."

"ಅಂಚಿಲ್ಲದೆ ಇದ್ದರೆ?"

ಅವನು ದುರ್ಬೀನಿನ ಗಾಜು ಒರೆಸತೊಡಗಿದ. ಅಂಚಿರಲಿ ಎಂದು ಅವನು ದೇವರಿಗೆ ಹರಸಿಕೊಂಡಿದ್ದಾನೆಂದು ನನಗೆ ಅನ್ನಿಸಿತು. ಗಣಿತದ ಮೇಷ್ಟರಿಗೆ ಇದು ಶೋಭೆಯಲ್ಲ.

ಹೀಗೆ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಬಸ್ಸಿನಲ್ಲಿದ್ದೆವು. ನನ್ನ ಕೊರಳಿಗೆ ಅತ್ತಿಗೆಯ ದುರ್ಬೀನು. (ಬೀರುವಿನ ಮೇಲಿಂದ ಹೇಳದೆ ಕೇಳದೆ ತಂದಿದ್ದ.) ಕಂಡಕ್ಟರ್ ನಮ್ಮನ್ನು ಮೇಲೆ ಕೆಳಗೆ ನೋಡಿ, "ಏನ್ ಸಾರ್, ಇತ್ತಲಾರಲ್ಲಿ ಕಲ್ಯಾಣಮಾ?" ಎಂದ.

"ಅಲ್ಲಪ್ಪ. ಹಕ್ಕಿ ನೋಡೋಕೆ."

"ಏನ್ ಸಾರ್, ಊಟಿಯಲ್ಲಿ ಕಾಕಾ ಇಲ್ಲವಾ?"

ಕಾಗೆಗಳಿಗೆ ನಮ್ಮಲ್ಲಿ ಬರವಿಲ್ಲ ಎಂದು ಒಪ್ಪಿಕೊಂಡು ಟಿಕೆಟ್ ತೆಗೆದುಕೊಂಡೆವು.

ಇತ್ತಲಾರಿನ ಆ ಮನೆಗೆ ತಲುಪಿದಾಗ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಟೀಚರ್ ಸೊಸೆ ಊಟಿಗೆ ಹೋಗಿದ್ದಾರೆಂದೂ, ಮನೆಯ ಹಿರಿಯಾಕೆ ಮಾದಿ ಹೆತ್ತೆ ಎಮ್ಮೆ ಕಟ್ಟಲು ಹೋಗಿದ್ದಾರೆಂದೂ ಪಕ್ಕದ ಮನೆಯವರು ಹೇಳಿದರು. (ಹೆತ್ತೆ ಎಂದರೆ ಬಡಗರಲ್ಲಿ ಅಜ್ಜಿ.) ಹಿರಿಯರಿಗೆ ನಮಸ್ಕರಿಸದೆ ಹಿತ್ತಲಿಗೆ ನುಗ್ಗುವುದು ಸಭ್ಯತೆಯಲ್ಲ. ಆದರೆ ಅಷ್ಟರಲ್ಲಿ ಕೊಟ್ಟಿಗೆಯ ಹಿಂದಿನಿಂದ 'ಟ್ರ್‌ರ್‌ರ್' ಎಂದು ಒಣಗಿದ ಸದ್ದೊಂದು ಕೇಳಿತು. ಸದಾಶಿವಯ್ಯ ಸಭ್ಯತೆಯನ್ನು ಜಗಲಿಯ ಮೇಲೆ ಬಿಟ್ಟು ಹಿತ್ತಲಿಗೆ ಓಡಿದ.

ಎಲೆಯುದುರಿದ ಪಿಯರ್ ಮರ. ಅದರ ಕೆಳಗಿನ ಕೊಂಬೆಯಲ್ಲಿ ಏನೋ ಬಾಲವೆತ್ತಿ ಇಳಿಸುತ್ತಿತ್ತು. ನಮಗೆ ಬೆನ್ನು ಹಾಕಿತ್ತು. ನಡುವೆ ಸೌದೆಯ ಒಟ್ಟಿಲು. ಅದರ ಸಂದಿಯಿಂದ ನೋಡಬೇಕಾದರೆ ಮೊಣಕಾಲೂರಿ ಬಗ್ಗಬೇಕು. ಸದಾಶಿವಯ್ಯ ಮಂಕಿ ಕ್ಯಾಪ್ ಕಿತ್ತು ಜೇಬಿಗೆ ತುರುಕಿ, ಕಾಲುದಾರಿಯಲ್ಲೇ ಮೊಣಕಾಲೂರಿ, ಬೋಳು ತಲೆ ಬಗ್ಗಿಸಿ, ದುರ್ಬೀನು ಸರಿಮಾಡಿಕೊಳ್ಳತೊಡಗಿದ.

ಕೊಟ್ಟಿಗೆಯಿಂದ ಮನೆಗೆ ಬರಲು ಇರುವುದು ಅದೊಂದೇ ಕಾಲುದಾರಿ.

ಮಾದಿ ಹೆತ್ತೆ ಬಂದರು. ಬಿಳಿಯ ಮುಂಡು, ಬಿಳಿಯ ತಲೆವಸ್ತ್ರ, ಕೈಯಲ್ಲಿ ಹುಲ್ಲಿನ ಕಡ್ಡಿ. ತಮ್ಮ ದಾರಿಯಲ್ಲಿ ಯಾರೋ ತಲೆಯ ಮೇಲಿನದನ್ನು ತೆಗೆದು, ಮೊಣಕಾಲೂರಿ, ತಲೆ ತಗ್ಗಿಸಿ ಕಾದಿರುವುದನ್ನು ಕಂಡರು. ಇಷ್ಟು ಶುದ್ಧವಾಗಿ ತಲೆಬಗ್ಗಿಸುವವರು ಈಚೆಗೆ ಅವರ ಸ್ವಂತ ಮೊಮ್ಮಕ್ಕಳಲ್ಲೂ ಇರಲಿಕ್ಕಿಲ್ಲ. ಹೆತ್ತೆಯ ಮುಖ ಅರಳಿತು. ಕೈಯನ್ನು ಮುಂಡಿಗೆ ಒರೆಸಿ, ಆ ಬೋಳು ತಲೆಯ ಮೇಲೆ ಪೂರ್ತಿ ಅಂಗೈ ಇಟ್ಟರು.

"ಬದುಕು, ಬದುಕು. ಮನೆ ತುಂಬಿ ಬದುಕು. ಮಕ್ಕ ಮರಿ ಆಗಿ ಬದುಕು..."

ಸದಾಶಿವಯ್ಯ ಗೂಡಲೂರಿನವನು, ಬೆಟ್ಟದ ಕಾನೂನು ಬಲ್ಲವನು. ಅಲುಗಾಡಲಿಲ್ಲ. ಕೈಯ ಭಾರಕ್ಕೆ ಗಲ್ಲ ಎದೆಗೆ ತಾಗಿತು.

"ಎಮ್ಮೆ ಹಿಂಡಾಗಲಿ. ಹಾಲು ಹೊಳೆ ಆಗಲಿ..."

(ಪ್ಯಾಕೆಟ್ ಹಾಲು ಕೊಳ್ಳುವ ಮನುಷ್ಯ.)

ಆಗ ಹಕ್ಕಿ ತಿರುಗಿತು.

ನಾನು ಅತ್ತಿಗೆಯ ದುರ್ಬೀನನ್ನು ಕಣ್ಣಿಗೆ ಒತ್ತಿಕೊಂಡೆ. ಕಿತ್ತಳೆ ಕೆಂಪು. ಎಳೆ ಬಿಸಿಲು ನೇರ ಎದೆಯ ಮೇಲೆ. ಕತ್ತಿನಿಂದ ಇಳಿದು ಬಂದ ಕಪ್ಪು ಅಂಚು, ಆ ಕಡೆಗೊಂದು, ಈ ಕಡೆಗೊಂದು. ಇಂಥದ್ದನ್ನು ಕಂಡವರು ಚಪ್ಪಲಿ ಬಿಡುವ ಮೊದಲೇ ಯಾಕೆ ಹೇಳುತ್ತಾರೆಂದು ನನಗೆ ಆಗ ಗೊತ್ತಾಯಿತು. ಕೆಳಗೆ ನೋಡಿದರೆ ಸದಾಶಿವಯ್ಯ ತನ್ನ ಅಂಗಿಯ ಗುಂಡಿಯನ್ನು ವೀಕ್ಷಿಸುತ್ತಿದ್ದ. ಹೆತ್ತೆ ಅವನ ಮೊಮ್ಮಕ್ಕಳನ್ನು ಮುಗಿಸಿ ಮರಿಮಕ್ಕಳಿಗೆ ಬಂದಿದ್ದರು. ಮರಿಮಕ್ಕಳ ಮದುವೆಯ ಹೊತ್ತಿಗೆ ಹಕ್ಕಿ ಹಾರಿಹೋಯಿತು.

ಕೈ ಎದ್ದಿತು. "ಯಾರ ಮಗ ನೀ?" ಎಂದರು ಹೆತ್ತೆ.

"ವಿಮಲಾ ಟೀಚರ್ ಯಜಮಾನರು, ಹೆತ್ತೆ" ಎಂದೆ ನಾನು.

"ಟೀಚರಮ್ಮನ ಗಂಡನಾ? ಅಮ್ಮ ಏಕ ಬಂದಿಲೆ?"

"ಮೊಣಕಾಲು ನೋವು" ಎಂದ ಸದಾಶಿವಯ್ಯ, ಅದನ್ನು ತಾನೇ ನಂಬಿದವನ ಹಾಗೆ.

"ಮೊಣಕಾಲಾ? ಆಗ ಹಕ್ಕಿಲ ನೋಡೋಕ ನನ್ನ ಬೇಲಿ ದಾಟಿದ ಕಾಲು?" ಹೆತ್ತೆ ಅವನನ್ನು ಮೊದಲ ಸಲ ಸರಿಯಾಗಿ ನೋಡಿದರು. "ನೀ ಏನೋ ಅಂದಿರ್ತೆ."

ಆ ಹಕ್ಕಿ ಅವರಿಗೂ ಕಂಡಿತ್ತೇ ಎಂದು ನಾನು ಕೇಳಿದೆ. "ನನ್ನ ಕಣ್ಣಿಗ ಎಮ್ಮೆ ಕಂಡರ ಸಾಕು" ಎಂದು ಹೇಳಿ ಕಾಫಿಗೆ ನೀರಿಡಲು ಒಳಗೆ ಹೋದರು.

ಸದಾಶಿವಯ್ಯ ಪ್ಯಾಂಟಿನ ಮಣ್ಣು ಕೊಡವಿಕೊಂಡು ನನ್ನ ಹತ್ತಿರ ಬಂದ. "ನೋಡಿದೆಯಾ?"

"ನೋಡಿದೆ."

"ಅಂಚು?"

"ಇತ್ತು."

"ಎರಡೂ ಕಡೆ?"

"ಎರಡೂ ಕಡೆ."

ಬೆಳಕಿನ ದಿಕ್ಕಿನ ಪ್ರಶ್ನೆಗೆ ನಾನು ಉತ್ತರ ಸಿದ್ಧ ಮಾಡಿಕೊಂಡು ನಿಂತಿದ್ದೆ. ಅದು ಬರಲೇ ಇಲ್ಲ.

"ಹಾಗಾದರೆ ಅದೇ" ಎಂದ. ಮುಖದಲ್ಲಿ ಅಂಥ ನಿರಾಳ. "ಅದೇ ಕಣೋ. ಅವಳು ಹೇಳಿದ್ದೇ ಸರಿ."

ಮಧ್ಯಾಹ್ನದವರೆಗೂ ಕಾದೆವು. ಮಂಜು ಏರಿಬಂದು ಪಿಯರ್ ಮರವೇ ಕಾಣದಾಯಿತು. ಹಕ್ಕಿ ಅವನಿಗೆ ಮತ್ತೆ ಸಿಗಲಿಲ್ಲ. ಅವನೇನೂ ಬೇಸರಪಟ್ಟ ಹಾಗಿರಲಿಲ್ಲ. ಊಟಿಯಲ್ಲಿ ಬಸ್ಸಿಳಿದವನೇ ಎಸ್.ಟಿ.ಡಿ. ಬೂತಿಗೆ ಹೊಕ್ಕ. ಹೊರಗೆ ಚಳಿ, ನಾನೂ ಹಿಂದೆಯೇ ತೂರಿಕೊಂಡೆ. ಆ ಗಾಜಿನ ಪೆಟ್ಟಿಗೆಯಲ್ಲಿ ಇಬ್ಬರು ನಿಂತರೆ ಖಾಸಗಿ ಮಾತೆನ್ನುವುದು ಉಳಿಯುವುದಿಲ್ಲ.

"ವಿಮಲಾ, ಇತ್ತಲಾರಿಗೆ ಹೋಗಿದ್ದೆ. ಅದು ಕಾಶ್ಮೀರದ್ದೇ. ನೀನು ಹೇಳಿದ್ದು ಸರಿ."

ರಿಸೀವರಿನಾಚೆಯಿಂದ ಅತ್ತಿಗೆಯ ದನಿ. "ನೋಡಿದ್ರಾ?"

"ನಾನು ನೋಡಲಿಲ್ಲ. ತಲೆ ಎತ್ತೋ ಹಾಗಿರಲಿಲ್ಲ. ಇವನು ನೋಡಿದ."

"ಯಾರು, ಊಟಿಯವರಾ? ನಮ್ಮ ಪಕ್ಕದ ಮನೆ ಟರ್ಕಿ ಕೋಳಿ ನೋಡಿ ರಣಹದ್ದು ಅಂದವರಾ?"

"ಹೂಂ. ಅವನೇ."

"ಅವರು ಅಂಚು ಇತ್ತು ಅಂದರು."

"ಅಂದ."

"ನೀವು ನಂಬಿದಿರಿ."

ಸದಾಶಿವಯ್ಯ ಬಾಯಿ ತೆರೆದ. ಅಷ್ಟು ವರ್ಷ ಮಕ್ಕಳಿಗೆ ಪ್ರಮೇಯಗಳನ್ನು ಸಾಧಿಸಿ ತೋರಿಸಿದ ಮನುಷ್ಯ ಬಾಯಿ ತೆರೆದು ಹಾಗೇ ನಿಂತ. ಬೂತಿನ ಗಾಜಿನ ಮೇಲೆ ಅವನ ಉಸಿರು ಮಂಜಾಗಿ ಕೂತಿತು. ನಾನು ಹೊರಗೆ ಹೋಗಬೇಕಿತ್ತು. ಬಾಗಿಲಿಗೆ ಅವನೇ ಒರಗಿದ್ದ.

"ತಪ್ಪಾಯ್ತು ಕಣೇ" ಎಂದ, ಗಾಜಿನ ಕಡೆ ತಿರುಗಿ.

ಆ ಕಡೆಯಿಂದ ಪಾತ್ರೆ ಇಟ್ಟ ಸದ್ದು. ಬಳಿಕ, "ಇತ್ತಲಾರಿಗೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ?"

"ಯಾಕೆ?"

"ನಾಳೆ ಬರ್ತೀನಿ. ಊಟಿಯವರನ್ನ ನಂಬಿಕೊಂಡು ಕೂರೋಕಾಗುತ್ತಾ? ನಿಮಗೆ ನಾನೇ ತೋರಿಸ್ತೀನಿ."

ನಾನು ಬೇಸರಪಟ್ಟುಕೊಳ್ಳಲಿಲ್ಲ. ಇಷ್ಟು ಒಳ್ಳೆಯ ಕೆಲಸಕ್ಕೆ ನನ್ನ ಅಪ್ರಯೋಜಕತನ ಹಿಂದೆಂದೂ ಉಪಯೋಗಕ್ಕೆ ಬಂದಿರಲಿಲ್ಲ.

ಆದರೆ ಅಂದಿನಿಂದ ಒಂದು ಮುಳ್ಳು ಚುಚ್ಚುತ್ತಿದೆ. ಸದಾಶಿವಯ್ಯ ಕೆಟ್ಟವನಲ್ಲ. ಹೆಂಡತಿ ಎಂದರೆ ಪ್ರಾಣ. ಆದರೂ ಟರ್ಕಿ ಕೋಳಿಗೂ ರಣಹದ್ದಿಗೂ ವ್ಯತ್ಯಾಸ ತಿಳಿಯದವನ ಮಾತು ಅವನ ಕಿವಿಗೆ ಒಂದೇ ಕ್ಷಣದಲ್ಲಿ ಸಾಕ್ಷ್ಯವಾಯಿತು. ಪಕ್ಕದಲ್ಲೇ ನಿಂತು ಒಂದು ಆಯುಷ್ಯ ಹಕ್ಕಿ ನೋಡಿದವಳ ಮಾತು ಆಗಲಿಲ್ಲ. ಎದುರು ಕುಳಿತು ಉಣ್ಣುವವರ ಕಣ್ಣಿಗೆ ನಾವು ಅಷ್ಟು ಕಡಿಮೆ ಮಾರ್ಕು ಕೊಡುವುದೇಕೆ? ರೂಢಿಯೇ? ಅಥವಾ ನಮಗೆ ಕಾಣದ್ದು ಅವರಿಗೆ ಕಂಡಿತೆಂಬ ಸಣ್ಣ ಹೊಟ್ಟೆಕಿಚ್ಚೇ?

ಇದನ್ನೇ ಗಂಭೀರವಾಗಿ ಚಿಂತಿಸುತ್ತ ಈ ಅಂಕಣ ಬರೆಯುತ್ತಿದ್ದಾಗ ಅಡುಗೆಮನೆಯಿಂದ ನನ್ನ ಹೆಂಡತಿ, ಗ್ಯಾಸ್ ಮುಗಿಯಿತು ಎಂದಳು. ನಾನು ಪೆನ್ನು ಕೆಳಗಿಟ್ಟು, ಎದ್ದು ಹೋಗಿ, ಸಿಲಿಂಡರನ್ನು ಅಲ್ಲಾಡಿಸಿ ನೋಡಿದೆ.

ನೀವಾಗಿದ್ದರೆ ಅಲ್ಲಾಡಿಸುತ್ತಿರಲಿಲ್ಲವೇ?