ನೀಲಮ್ಮಜ್ಜಿಯ ಬಾಳೆಹಣ್ಣು

ನೀಲಮ್ಮಜ್ಜಿಯ ನಡುಮನೆಯ ಮೊಳೆಗೆ ಬಾಳೆಹಣ್ಣಿನ ಚಿಪ್ಪೊಂದು ಯಾವಾಗಲೂ ತೂಗುತ್ತಿತ್ತು. ಅದು ಅವಳ ಔಷಧ. ಸಿರುಗುಪ್ಪದ ನಮ್ಮ ಓಣಿಯಲ್ಲಿ ಯಾವ ಮಗು ನಾಣ್ಯ ನುಂಗಿದರೂ ತಾಯಂದಿರು ಓಡುತ್ತಿದ್ದುದು ನಮ್ಮ ಪಕ್ಕದ ಆ ಮನೆಗೇ. ಅಜ್ಜಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಣ್ಣು ಮುರಿದು ಬಾಯಿಗಿಡುತ್ತಿದ್ದಳು.

"ಅಳಬ್ಯಾಡ್ರಿ. ಹಣ್ಣು ಅದನ್ನ ದಬ್ಕೊಂಡು ಹೋಗತೈತಿ. ನಾಳೆ ಚರಗಿ ತಗೊಂಡು ಹೋದಾಗ ನೋಡ್ಕೊಳ್ರಿ."

ಮರುದಿನ ತಾಯಿ ನಗುತ್ತಾ ಬಂದು ಸುದ್ದಿ ಹೇಳಿದರೆ ಅಜ್ಜಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆ ಹೆಮ್ಮೆ ಮುರಿದದ್ದು ನನ್ನ ಗಂಟಲಲ್ಲಿ.

ಅಂಗನವಾಡಿಗೆ ಹೋಗುವ ವಯಸ್ಸಿನಲ್ಲಿ ಆಟಿಕೆ ಗಡಿಯಾರ ಬಿಚ್ಚಿ ಅದರ ಬಟನ್ ಸೆಲ್ ನುಂಗಿದೆ. ಏನೋ ದುಂಡಗಿನದೆಂದು ಕೈಸನ್ನೆ ಮಾಡಿದ್ದಕ್ಕೆ ಎಲ್ಲರೂ ನಾಣ್ಯವೆಂದೇ ತಿಳಿದರು. ಅಜ್ಜಿ ಹಣ್ಣು ತಿನ್ನಿಸಿದಳು, ನಾನು ಕಕ್ಕಿದೆ, ಅವಳು ಇನ್ನೊಂದು ತಿನ್ನಿಸಿದಳು. ಮರುದಿನ ಉಗುಳೂ ಇಳಿಯದೆ ಜೊಲ್ಲು ಸುರಿದಾಗ ಅಪ್ಪ ನನ್ನನ್ನು ಬಳ್ಳಾರಿಗೆ ಹೊತ್ತೊಯ್ದರು. ಅಜ್ಜಿಯೂ ಜೊತೆಗೆ ಬಂದಳು.

ಎಕ್ಸ್-ರೇ ನೋಡಿದ ಡಾಕ್ಟರು, "ಇದು ನಾಣ್ಯ ಅಲ್ಲ, ಸೆಲ್. ಅನ್ನನಾಳ ಸುಡ್ತಾ ಇದೆ. ನಿನ್ನೆನೇ ಯಾಕೆ ತರ್ಲಿಲ್ಲ? ಹಣ್ಣು ತಿನ್ಸಿದ್ದು ಯಾರು?" ಎಂದು ರೇಗಿದರಂತೆ.

ಅಜ್ಜಿ ಸೆರಗು ಬಾಯಿಗೊತ್ತಿಕೊಂಡು, "ನಾನ್ರೀ ಸಾಹೇಬ್ರ," ಎಂದಳಂತೆ.

ನನಗೆ ಪ್ರಜ್ಞೆ ತಪ್ಪಿಸಿ, ಬಾಯಿಂದ ಕೊಳವೆ ಇಳಿಸಿ ಸೆಲ್ ತೆಗೆದರು. ಆದರೆ ಸುಟ್ಟ ಗಾಯ ಮಾಯುವಾಗ ಅನ್ನನಾಳ ಸಣ್ಣದಾಯಿತು. ಇಂದಿಗೂ ನನಗೆ ತುತ್ತುತುತ್ತಿಗೆ ನೀರು ಬೇಕು.

ಅಜ್ಜಿಯ ಮನೆಯ ಮೊಳೆ ಬರಿದಾಯಿತು. ಇದು ಗೊತ್ತಿಲ್ಲದವರು ನಾಣ್ಯ ನುಂಗಿದ ಮಗುವನ್ನೆತ್ತಿಕೊಂಡು ಬಂದರೆ ಬಾಗಿಲಲ್ಲೇ ಕೈ ಅಡ್ಡ ಹಿಡಿದು, "ಏನೂ ತಿನ್ಸಬ್ಯಾಡ್ರಿ, ನೀರೂ ಬ್ಯಾಡ! ಬಳ್ಳಾರಿಗೆ ನಡೀರಿ!" ಎಂದು ಕೂಗುತ್ತಿದ್ದಳು. ಕುರುಗೋಡಿನಿಂದ ತವರಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ಅನುಮಾನಿಸಿದಾಗ, ಅವಳ ಮಗುವನ್ನು ತಾನೇ ಎತ್ತಿಕೊಂಡು ಬರಿಗಾಲಲ್ಲಿ ಬಸ್ಸು ಹತ್ತಿಬಿಟ್ಟಳು.

ನನ್ನೆದುರು ಮಾತ್ರ ಅವಳು ಕುಗ್ಗಿಹೋಗುತ್ತಿದ್ದಳು. ಉಣ್ಣುವಾಗ ನಾನು ಲೋಟ ಎತ್ತಿದರೆ ಸಾಕು, ಅವಳ ತಲೆ ತಗ್ಗುತ್ತಿತ್ತು. ಅವಳ ಅವಮಾನವೇ ನಾನಾಗಿ ಓಣಿಯಲ್ಲಿ ಓಡಾಡುತ್ತಿದ್ದೇನೆ ಎನಿಸಿ ನನಗೂ ನಾಚಿಕೆಯಾಗುತ್ತಿತ್ತು. ಅವಳ ಮುಂದೆ ಉಣ್ಣುವುದನ್ನೇ ಬಿಟ್ಟೆ.

ಅವಳು ಹಾಸಿಗೆ ಹಿಡಿದಾಗ ನೋಡಲು ಹೋದೆ. ಸೊಸೆ ರೊಟ್ಟಿ ಬಡಿಸಿದಳು. ನೀರು ಮುಟ್ಟದೆ ಉಂಡು ತೋರಿಸಿದರೆ ಅಜ್ಜಿಗೆ ಸಮಾಧಾನವಾದೀತೆಂದು ಹಟ ಹಿಡಿದೆ. ಎರಡನೇ ತುತ್ತೇ ಎದೆಯಲ್ಲಿ ನಿಂತು ಕಣ್ಣು ತುಂಬಿದವು. ಅಜ್ಜಿ ಲೋಟವನ್ನು ನನ್ನತ್ತ ಸರಿಸಿದಳು.

"ಕುಡಿಯವ್ವಾ. ನಾ ನೋಡಂಗಿಲ್ಲ," ಎಂದು ಗೋಡೆಯ ಕಡೆ ಹೊರಳಿದಳು.

ಕುಡಿದೆ. ಹೊರಡುವಾಗ ಕರೆದರೂ ಅವಳು ಈ ಕಡೆ ತಿರುಗಲಿಲ್ಲ. ಆ ಮುಖ ನನಗೆ ಮತ್ತೆ ನೋಡಲು ಸಿಗಲಿಲ್ಲ.